ಸಾಂಬ್ರಾದಿಂದ ದಿಲ್ಲಿಗೆ ಇನೋಜೆನ್ ಒನ್ ಜಿ5: ಡಬ್ಬಿ ಮೇಲಿನ 13 ಗಂಟೆ ಎಷ್ಟು ನಿಜ?

ಡಬಲ್ ಅನ್ನುವ ದೊಡ್ಡ ಬ್ಯಾಟರಿ ಹಾಕಿದರೆ 13 ಗಂಟೆ, ಸಿಂಗಲ್ ಅನ್ನುವ ಚಿಕ್ಕದಾದರೆ ಆರೂವರೆ. ಪ್ರಯಾಣದಲ್ಲಿ ಒಯ್ಯುವ ಆಕ್ಸಿಜನ್ ಯಂತ್ರ ಇನೋಜೆನ್ ಒನ್ ಜಿ5 ಬಗ್ಗೆ ಕೇಳಿದ ಕೂಡಲೇ ಸಿಗುವ ಉತ್ತರ ಇದು. ಸುಳ್ಳೇನಲ್ಲ. ಆದರೆ ಆ ಲೆಕ್ಕ ಆಕ್ಸಿಜನ್ ಅತಿ ಕಡಿಮೆ ಬಿಡುವ ಸೆಟ್ಟಿಂಗ್ 1ಕ್ಕೆ, ಅದೂ ಹೊಸ ಬ್ಯಾಟರಿಗೆ. ಸೆಟ್ಟಿಂಗ್ ಏರಿದಂತೆ ಗಂಟೆಗಳು ದಡದಡ ಇಳಿಯುತ್ತವೆ. ಎರಡು ವರ್ಷ ಬಾಡಿಗೆಗೆ ಓಡಾಡಿದ ಬ್ಯಾಟರಿಯಾದರೆ ಇನ್ನೂ ಬೇಗ.

ಯಂತ್ರ ಚೆನ್ನಾಗಿದೆ. ಸಿಂಗಲ್ ಬ್ಯಾಟರಿ ಸೇರಿ ಎರಡು ಕಿಲೋಗಿಂತ ಸ್ವಲ್ಪ ಜಾಸ್ತಿ ತೂಕ, ಹೆಗಲಿಗೆ ಹಾಕಿಕೊಂಡು ನಡೆಯಬಹುದು. ಸುತ್ತಲಿನ ಗಾಳಿಯಿಂದಲೇ ಆಕ್ಸಿಜನ್ ಬೇರ್ಪಡಿಸಿ ಕೊಡುವುದರಿಂದ ಇಲ್ಲಿ ಖಾಲಿಯಾಗುವುದು ಕರೆಂಟು ಮಾತ್ರ. 10,000 ಅಡಿ ಎತ್ತರದವರೆಗೆ ಕೆಲಸ ಮಾಡುತ್ತದೆ. ವಿಮಾನದ ಕ್ಯಾಬಿನ್ ಒತ್ತಡ ಸಾಮಾನ್ಯವಾಗಿ 6,000ದಿಂದ 8,000 ಅಡಿ ಎತ್ತರದ ಊರಿಗೆ ಸಮ, ಹಾಗಾಗಿ ಆ ಚಿಂತೆ ಬೇಡ. ಚಿಂತೆ ಮಾಡಬೇಕಾದದ್ದು ಶ್ವಾಸಕೋಶದ್ದು. ಬೆಳಗಾವಿಯೇ ಸುಮಾರು 2,500 ಅಡಿ ಎತ್ತರದಲ್ಲಿದೆ. 8,000 ಅಡಿಯಲ್ಲಿ ಉಸಿರಾಡುವುದೆಂದರೆ ಸಮುದ್ರಮಟ್ಟದಲ್ಲಿ 21ರ ಬದಲು ಸುಮಾರು 15% ಆಕ್ಸಿಜನ್ ಇರುವ ಗಾಳಿ ಕುಡಿದಂತೆ. ನೆಲದ ಮೇಲೆ ಸೆಟ್ಟಿಂಗ್ 2 ಸಾಕಾದವರಿಗೆ ಮೇಲೆ ಡಾಕ್ಟರು 3 ಬರೆಯುವುದು ಇದಕ್ಕೇ. ಬ್ಯಾಟರಿ ಲೆಕ್ಕ ಹಾಕಬೇಕಾದದ್ದೂ ಆ 3ಕ್ಕೆ.

ಇಲ್ಲೊಂದು ದೊಡ್ಡ ಗೊಂದಲವಿದೆ. ಸೆಟ್ಟಿಂಗ್ 2 ಅಂದರೆ ನಿಮಿಷಕ್ಕೆ 2 ಲೀಟರ್ ಅಲ್ಲ. ಜಿ5 ಒಂದೊಂದು ಸೆಟ್ಟಿಂಗ್‌ಗೆ ನಿಮಿಷಕ್ಕೆ 210 ಮಿಲೀ ಕೊಡುತ್ತದೆ, ಅಂದರೆ 2ಕ್ಕೆ 420. ಉಸಿರು ಎಳೆದಾಗ ಮಾತ್ರ ಪುಸ್ ಎಂದು ಬಿಡುತ್ತದೆ. ನಿಮಿಷಕ್ಕೆ 20 ಉಸಿರಾದರೆ ಒಂದೊಂದಕ್ಕೆ 21 ಮಿಲೀ. ಗಾಬರಿಯಿಂದ 30 ಆದರೆ 14 ಮಿಲೀಗೆ ಇಳಿಯುತ್ತದೆ, ಒಟ್ಟು ಅಷ್ಟೇ ಇರುತ್ತದೆ. ಮನೆಯಲ್ಲಿ ಸಿಲಿಂಡರಿನಿಂದ ಸತತವಾಗಿ 2 ಲೀಟರ್ ತೆಗೆದುಕೊಳ್ಳುವವರು ಇದೇ ಯಂತ್ರ ಹಾಕಿಕೊಂಡು ಡಾಕ್ಟರ ಎದುರು ನಡೆದು, ಬೆರಳಿನ ಆಕ್ಸಿಮೀಟರ್ ನೋಡಿಯೇ ಸೆಟ್ಟಿಂಗ್ ಗೊತ್ತುಮಾಡಿಕೊಳ್ಳಬೇಕು. ಬಾಯಲ್ಲಿ ಉಸಿರಾಡುತ್ತ ನಿದ್ದೆ ಹೋಗುವವರಿಗೆ ಈ ಪದ್ಧತಿ ಸರಿಹೊಂದುವುದಿಲ್ಲ. ಯಂತ್ರಕ್ಕೆ ಉಸಿರು ಗೊತ್ತಾಗದೆ ಅಲಾರಂ ಹೊಡೆಯುತ್ತದೆ.

ಈಗ ಲೆಕ್ಕ. ಬಾಗಲಕೋಟೆಯಿಂದ ಹೊರಟವರನ್ನೇ ತೆಗೆದುಕೊಳ್ಳೋಣ. ಲೋಕಾಪುರ, ಯರಗಟ್ಟಿ ಮೇಲೆ ಕಾರಿನಲ್ಲಿ ಮೂರು ಗಂಟೆ ಹಿಡಿಯಿರಿ. ಇಷ್ಟೂ ಹೊತ್ತು ಕಾರಿನ ಅಡಾಪ್ಟರ್ ಮೇಲೇ ನಡೆಸಬೇಕು, ಬ್ಯಾಟರಿ ಮುಟ್ಟಬಾರದು. ಸಾಕೆಟ್ ಸಡಿಲವಿದ್ದರೆ ರಸ್ತೆ ಕುಲುಕಿಗೆ ಪಿನ್ ಜಾರುತ್ತದೆ, ಯಂತ್ರ ಸದ್ದಿಲ್ಲದೆ ಬ್ಯಾಟರಿಗೆ ಬದಲಾಗುತ್ತದೆ. ಪರದೆಯ ಮೇಲಿನ ಪ್ಲಗ್ ಚಿಹ್ನೆ ಆಗಾಗ ನೋಡುತ್ತಿರಬೇಕು. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಚೆಕ್-ಇನ್‌ನಿಂದ ಹತ್ತುವವರೆಗೆ 2 ಗಂಟೆ. ಗೇಟಿನಿಂದ ಗೇಟಿಗೆ ದಿಲ್ಲಿ 2 ಗಂಟೆ 50 ನಿಮಿಷ. ಇಳಿದು, ಲಗೇಜ್ ಬಂದು, ಕಾರು ಸಿಗುವಷ್ಟರಲ್ಲಿ 1 ಗಂಟೆ 10 ನಿಮಿಷ. ಬ್ಯಾಟರಿ ಮೇಲೆ ಒಟ್ಟು 6 ಗಂಟೆ.

ಬಹಳಷ್ಟು ಏರ್‌ಲೈನ್‌ಗಳು ಕೇಳುವುದು ಹಾರಾಟದ ಸಮಯದ 150%, ಅಂದರೆ 4 ಗಂಟೆ 15 ನಿಮಿಷ. ಇದನ್ನೇ ನಂಬಿ ಹೊರಟರೆ ಕೈಕೊಡುತ್ತದೆ, ಯಾಕೆಂದರೆ ಕಾಯುವ ಹೊತ್ತು ಅದರಲ್ಲಿಲ್ಲ. ಆ ಹೆಚ್ಚುವರಿ ಅರ್ಧವನ್ನು, 1 ಗಂಟೆ 25 ನಿಮಿಷವನ್ನು, ನಮ್ಮ 6 ಗಂಟೆಗೆ ಸೇರಿಸಿ: 7 ಗಂಟೆ 25 ನಿಮಿಷ. ಅತಿಯಾಯಿತು ಅನಿಸಿದರೆ ಡಿಸೆಂಬರ್-ಜನವರಿಯ ದಿಲ್ಲಿ ಮಂಜು ನೆನಪಿಸಿಕೊಳ್ಳಿ. ಮೇಲೆ ಸುತ್ತು ಹೊಡೆದು ವಿಮಾನ ಜೈಪುರಕ್ಕೆ ತಿರುಗಿದರೆ ಆ ಅರ್ಧವೇ ಉಸಿರು ಉಳಿಸುವುದು.

ಇನ್ನು ನಿಮ್ಮ ಬ್ಯಾಟರಿ ನಿಜಕ್ಕೂ ಎಷ್ಟು ಹೊತ್ತು ಬರುತ್ತದೆ? ಕಂಪನಿ ಹಾಳೆ ಬದಿಗಿಡಿ. ಪೂರ್ತಿ ಚಾರ್ಜ್ ಮಾಡಿ, ಪ್ಲಗ್ ತೆಗೆದು, ಬರೆದುಕೊಟ್ಟ ಸೆಟ್ಟಿಂಗ್‌ನಲ್ಲಿ ಮೂಗಿಗೆ ಹಾಕಿಕೊಂಡೇ ನಡೆಸಿ. ಮೇಜಿನ ಮೇಲೆ ಖಾಲಿ ಓಡಿಸಿದರೆ ಲೆಕ್ಕ ತಪ್ಪುತ್ತದೆ. ಬ್ಯಾಟರಿ ಕಡಿಮೆ ಎಂಬ ಮೊದಲ ಅಲಾರಂ ಹೊಡೆದ ಕ್ಷಣಕ್ಕೆ ಗಡಿಯಾರ ನಿಲ್ಲಿಸಿ, ಅಲ್ಲಿಂದಾಚೆಯ ನಿಮಿಷ ಲೆಕ್ಕಕ್ಕಿಲ್ಲ. ಸೆಟ್ಟಿಂಗ್ 3ರಲ್ಲಿ ಡಬಲ್ 5 ಗಂಟೆ 20 ನಿಮಿಷ, ಸಿಂಗಲ್ 2 ಗಂಟೆ 40 ನಿಮಿಷ ಬಂತು ಅನ್ನಿ, ಕೂಡಿದರೆ 8 ಗಂಟೆ. ಮೇಲಿನ ಪ್ರಯಾಣಕ್ಕೆ ಎರಡೂ ಬೇಕೇ ಬೇಕು. ಡಬಲ್ ಒಂದನ್ನೇ ಕೊಟ್ಟು "ಸಾಕು ಸರ್" ಅನ್ನುವ ಬಾಡಿಗೆ ಅಂಗಡಿಯಿಂದ ಎರಡನೆಯದನ್ನು ಕೇಳಿ ಪಡೆಯಿರಿ.

ಬ್ಯಾಟರಿ ಬದಲಿಸುವಾಗ ಯಂತ್ರ ನಿಲ್ಲುತ್ತದೆ, ಮತ್ತೆ ಪೂರ್ಣ ಶುದ್ಧತೆಗೆ ಬರಲು ಸುಮಾರು 2 ನಿಮಿಷ ಬೇಕು. ಈ ಕೆಲಸ ಟರ್ಮಿನಲ್‌ನಲ್ಲೇ ಮುಗಿಸಿಕೊಂಡು ಹತ್ತುವುದು ಜಾಣತನ. ಅಲ್ಲಿ ಗೋಡೆಯ ಪ್ಲಗ್ ಸಿಕ್ಕರೆ ಬಿಡಬೇಡಿ. ಎಟಿಆರ್, ಎಂಬ್ರೇರ್‌ನಂಥ ಸಣ್ಣ ವಿಮಾನಗಳಲ್ಲಿ ಸೀಟಿನ ಪ್ಲಗ್ ನೆಚ್ಚಿಕೊಂಡು ಹತ್ತಬಾರದು.

ಹೆಚ್ಚುವರಿ ಬ್ಯಾಟರಿ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಲಗೇಜಿಗೆ ಹಾಕುವಂತಿಲ್ಲ. ಲೋಹದ ತುದಿಗಳಿಗೆ ಟೇಪ್ ಅಂಟಿಸಿ. ಬ್ಯಾಟರಿ ಮೇಲೆ ಬರೆದ ವ್ಯಾಟ್-ಅವರ್ (Wh) ಸಂಖ್ಯೆ 100 ದಾಟಿದರೆ ಏರ್‌ಲೈನ್ ಒಪ್ಪಿಗೆ ಬೇಕು, 160 ದಾಟಿದರೆ ಬಿಡುವುದೇ ಇಲ್ಲ. ಡಾಕ್ಟರ ಫಿಟ್ ಟು ಫ್ಲೈ ಪತ್ರದಲ್ಲಿ ಯಂತ್ರದ ಹೆಸರು, ಸೆಟ್ಟಿಂಗ್ ಎರಡೂ ಇರಲಿ. ಏರ್‌ಲೈನ್‌ಗೆ ಕನಿಷ್ಠ 48 ಗಂಟೆ ಮೊದಲೇ ತಿಳಿಸಿ. ಸೀಟಿನ ಕೆಳಗಿಟ್ಟ ಯಂತ್ರದ ಮೇಲೆ ಶಾಲು ಹೊದಿಸಬೇಡಿ. ಗಾಳಿ ಸೇದುವ ಕಿಂಡಿ ಮುಚ್ಚಿದರೆ ಬಿಸಿಯಾಗಿ ಅಲಾರಂ ಹೊಡೆಯುತ್ತದೆ.

ಮನೆಯ ಸಿಲಿಂಡರ್ ಹೊತ್ತು ವಿಮಾನ ಹತ್ತಲಾಗದು, ಆದರೆ ಹೊರಡುವ ಹಿಂದಿನ ರಾತ್ರಿ ಯಂತ್ರ ಚಾರ್ಜಿಗಿಟ್ಟಾಗ ಅದನ್ನೇ ಬಳಸಬಹುದು. 10 ಲೀಟರ್ ನೀರು ಹಿಡಿಯುವಷ್ಟು ಅಳತೆಯ ಬಿ-ಟೈಪ್ ಸಿಲಿಂಡರಿನಲ್ಲಿ ಒತ್ತಡದ ಗೇಜ್ 120 ಬಾರ್ ತೋರಿಸಿದರೆ, ಮೀಸಲಿಗೆ 20 ಬಿಟ್ಟು 100ನ್ನು 10ರಿಂದ ಗುಣಿಸಿ: 1,000 ಲೀಟರ್. ನಿಮಿಷಕ್ಕೆ 2 ಲೀಟರಿನಂತೆ 8 ಗಂಟೆ 20 ನಿಮಿಷ, ರಾತ್ರಿ ಹತ್ತಕ್ಕೆ ಹಚ್ಚಿದರೆ ಬೆಳಗ್ಗೆ ಆರೂ ಇಪ್ಪತ್ತರವರೆಗೆ.