ಉದ್ದ ಕತ್ತಿನ ಡೈನೋಸಾರ್ ಸೆಟ್: ಬ್ರಾಕಿಯೋಸಾರಸ್ ಚೆನ್ನ, ಚೀಟಿ ತಪ್ಪು

ಜಯನಗರ 4ನೇ ಬ್ಲಾಕಿನ ಆಟಿಕೆ ಅಂಗಡಿಗಳಲ್ಲಿ ಸಿಗುವ ನಾಲ್ಕು ಗೊಂಬೆಗಳ ಈ ಸೆಟ್‌ನಲ್ಲಿ ಬ್ರಾಕಿಯೋಸಾರಸ್ ಒಂದಕ್ಕೇ ಕೊಟ್ಟ ದುಡ್ಡು ಸಾರ್ಥಕ. ಮುಂಗಾಲು ಹಿಂಗಾಲಿಗಿಂತ ಉದ್ದ, ಬೆನ್ನು ಬಾಲದ ಕಡೆಗೆ ಇಳಿಜಾರು, ಬಾಲ ನೆಲಕ್ಕೆ ತಾಗಿಲ್ಲ. ಮುಂಗಾಲಿನಲ್ಲಿ ಹೆಬ್ಬೆರಳಿಗೆ ಮಾತ್ರ ಉಗುರು, ಹಿಂಗಾಲಿನಲ್ಲಿ ಮೂರು. ಅಗ್ಗದ ಗೊಂಬೆಗಳಲ್ಲಿ ನಾಲ್ಕೂ ಪಾದದ ಸುತ್ತ ಉಗುರು ಬಳಿದಿರುತ್ತಾರೆ. ಕೊಳ್ಳುವ ಮುಂಚೆ ತಿರುಗಿಸಿ ನೋಡಬೇಕಾದದ್ದು ಇದನ್ನೇ.

ಡಿಪ್ಲೊಡೋಕಸ್ ಮಾತ್ರ ನಿರಾಸೆ. ಅದರ ಹಲ್ಲು ಪೆನ್ಸಿಲಿನಂತೆ ಸಪೂರ, ಬಾಯಿಯ ಮುಂಭಾಗದಲ್ಲಷ್ಟೇ ಇರಬೇಕು. ಇಲ್ಲಿ ಇದೇ ಸೆಟ್ಟಿನ ಕ್ಯಾಮರಾಸಾರಸ್‌ನ ದಪ್ಪ ಹಲ್ಲನ್ನೇ ದವಡೆಯುದ್ದಕ್ಕೂ ಕೂರಿಸಿದ್ದಾರೆ. ಬಹುಶಃ ಎರಡಕ್ಕೂ ಒಂದೇ ಅಚ್ಚಿನ ತಲೆ ಹಾಕಿದ್ದಾರೆ.

ಜೊತೆಗಿರುವ ಚೀಟಿ ನಾಲ್ಕನ್ನೂ ಒಂದೇ ಕುಟುಂಬ ಎನ್ನುತ್ತದೆ. ಮಕ್ಕಳು ಓದುವ ಚೀಟಿಯಲ್ಲಿ ಇದು ಸಣ್ಣ ತಪ್ಪಲ್ಲ. ನಾಲ್ಕೂ ಸಾರಿಸ್ಕಿಯಾ ಎಂಬ ದೊಡ್ಡ ಡೈನೋಸಾರ್ ವಿಭಾಗದೊಳಗಿನ, ಉದ್ದ ಕತ್ತಿನವುಗಳ ಸಾರೊಪೊಡಾ ಗುಂಪಿನವು, ನಿಜ. ಆದರೆ ಡಿಪ್ಲೊಡೋಕಸ್, ಅಪಟೋಸಾರಸ್ ಎರಡೂ ಡಿಪ್ಲೊಡೋಸಿಡೇ ಕುಟುಂಬಕ್ಕೆ ಸೇರಿದರೆ, ಬ್ರಾಕಿಯೋಸಾರಸ್, ಕ್ಯಾಮರಾಸಾರಸ್ ದೊಡ್ಡ ಹೊಳ್ಳೆಗಳ ಮ್ಯಾಕ್ರೊನೇರಿಯಾ ಕವಲಿನವು. ಅವೆರಡರ ಕುಟುಂಬವೂ ಬೇರೆ ಬೇರೆ. ಗೋದಾವರಿ ಕಣಿವೆಯಲ್ಲಿ ಸಿಕ್ಕು 1975ರಲ್ಲಿ ಹೆಸರು ಪಡೆದ ನಮ್ಮ ದೇಶದ ಸಾರೊಪೊಡ್ ಡೈನೋಸಾರ್ ಬರಪಾಸಾರಸ್‌ಗೂ ಒಂದು ಜಾಗ ಕೊಡಬೇಕಿತ್ತು.

ಪ್ಯಾಕಿಂಗ್‌ನಲ್ಲಿ ಒತ್ತಿ ಕತ್ತು, ಬಾಲ ಸೊಟ್ಟಗಾಗಿರುತ್ತವೆ. ಕುದಿಸಿ ಇಳಿಸಿದ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಮೆತ್ತಗಾದ ಮೇಲೆ ನೆಟ್ಟಗೆ ಮಾಡಿ, ಹಾಗೇ ಹಿಡಿದುಕೊಂಡು ತಣ್ಣೀರಲ್ಲಿ ಮುಳುಗಿಸಿ. ಪೂರ್ತಿ ತಣ್ಣಗಾಗುವ ಮುಂಚೆ ಕೈ ಬಿಟ್ಟರೆ ಮತ್ತೆ ಸೊಟ್ಟ. ಡಿಪ್ಲೊಡೋಕಸ್‌ನ ಬಾಲದ ತುದಿ ಬಹಳ ತೆಳು, ಬಿಸಿ ಮಾಡದೆ ಬಗ್ಗಿಸಿದರೆ ಬಣ್ಣ ಬಿರುಕು ಬಿಡುತ್ತದೆ.