ಡಿಸ್ಕ್ ಗಟ್ಟಿ, ಸಾಕೆಟ್ ಪೀಕಲಾಟ: 2 ಟಿಬಿ ಪೋರ್ಟಬಲ್ ಹಾರ್ಡ್ ಡಿಸ್ಕ್ ವರ್ಷಗಟ್ಟಲೆ ಬಳಸಿದ ಮೇಲೆ

ರಾಯಚೂರಿನಲ್ಲಿ ಮದುವೆ ವಿಡಿಯೋ ಎಡಿಟಿಂಗ್ ನನ್ನ ಕೆಲಸ. ಸೀಸನ್ ಶುರುವಾದರೆ ಈ ಹಾರ್ಡ್ ಡಿಸ್ಕ್‌ಗೆ ಬಿಡುವಿಲ್ಲ. ಒಳಗಿನ ಡಿಸ್ಕ್ ಬಗ್ಗೆ ತಕರಾರಿಲ್ಲ, ನಮ್ಮೂರ ಮೇ ತಿಂಗಳ ಬಿಸಿಲನ್ನೂ ತಡೆದುಕೊಂಡಿದೆ. 4 ಸ್ಟಾರ್ ಧಾರಾಳವಾಗಿ ಕೊಡುತ್ತೇನೆ. ಜಗಳ ಏನಿದ್ದರೂ ಕೇಬಲ್ ಚುಚ್ಚುವ ಜಾಗದ ಜೊತೆ.

ಇದಕ್ಕಿರುವುದು ಮೈಕ್ರೋ-ಬಿ ಸಾಕೆಟ್. ಚಪ್ಪಟೆ, ಅಗಲ, ನಡುವೆ ಕಚ್ಚು ಬಿದ್ದು ಎರಡು ಭಾಗ. ಬಳಸಿದಷ್ಟೂ ಹಿಡಿತ ಸಡಿಲ. ಕಾಪಿ ಆಗುವಾಗ ಮೊಣಕೈ ತಾಗಿದರೆ ಸಾಕು, ಟಣ್ ಅಂತ ಸದ್ದು, ಡ್ರೈವ್ ಮಾಯ! ಹೊಸ ಕೇಬಲ್ ಹಾಕಿದೆ, ಸ್ವಲ್ಪ ದಿನ ಸರಿ ಇತ್ತು, ಮತ್ತೆ ಅದೇ ಕಥೆ. ಈಗ ಕೇಬಲ್‌ಗೆ ಟೇಪ್ ಸುತ್ತಿ, ಟೇಬಲ್‌ಗೇ ಅಂಟಿಸಿ ಕೆಲಸ ನಡೆಸಿದ್ದೇನೆ.

ರಿಪೇರಿಯ ಹುಡುಗ ಬಿಚ್ಚಿ ನೋಡಿ, "ಅಣ್ಣಾ, ಇದರಾಗ ಸಾಟಾ ಪಿನ್ನೇ ಇಲ್ರೀ, ಬೋರ್ಡಿಗೇ ಯುಎಸ್‌ಬಿ ಕೂಡಿಸ್ಯಾರ" ಅಂದ. ಸಾಟಾ ಅಂದರೆ ಕಂಪ್ಯೂಟರ್ ಒಳಗೆ ಡಿಸ್ಕ್ ಜೋಡಿಸುವ ಕನೆಕ್ಟರ್. ಕೆಲವು ಡ್ರೈವ್‌ಗಳಲ್ಲಿ ಒಳಗೆ ಮಾಮೂಲಿ ಸಾಟಾ ಡಿಸ್ಕ್ ಇರುತ್ತದೆ. ಸಾಕೆಟ್ ಕೆಟ್ಟರೆ ಡಿಸ್ಕನ್ನು ಬೇರೆ ಕೇಸ್‌ಗೆ ಹಾಕಿಕೊಳ್ಳಬಹುದು. ಇದರಲ್ಲಿ ಆ ದಾರಿ ಇಲ್ಲ. ಡಬ್ಬಿ ಮೇಲೆ ಇದನ್ನೆಲ್ಲ ಯಾರು ಬರೆಯುತ್ತಾರೆ, ಅಲ್ವಾ?

ವೇಗದ ಮಾತು. ಯುಎಸ್‌ಬಿ 2.0 ಪೋರ್ಟ್‌ಗೆ ಹಾಕಿದರೆ ಸೆಕೆಂಡಿಗೆ 35 ಎಂಬಿ ಆಸುಪಾಸು, 100 ಜಿಬಿ ಕಾಪಿಗೆ ಮುಕ್ಕಾಲು ಗಂಟೆ. ಒಳಗೆ ನೀಲಿ ಬಣ್ಣವಿರುವ 3.0 ಪೋರ್ಟ್‌ನಲ್ಲಿ 110 ಎಂಬಿ ಸಿಗುತ್ತದೆ, ಕಾಲು ಗಂಟೆಯಲ್ಲಿ ಮುಗಿಯಿತು. 3.0ದ ಕಾಗದದ ಲೆಕ್ಕ ಸೆಕೆಂಡಿಗೆ 5 ಗಿಗಾಬಿಟ್, ಅಂದರೆ 110 ಎಂಬಿಗಿಂತ ಎಷ್ಟೋ ಜಾಸ್ತಿ. ಆದರೆ ತಿರುಗುವ ಡಿಸ್ಕ್ ಕೊಡುವುದೇ ಆ 110ರ ಆಸುಪಾಸು. ಇದಕ್ಕೋಸ್ಕರ 10 ಗಿಗಾಬಿಟ್ ಪೋರ್ಟ್ ಹುಡುಕುವುದು ಸುಮ್ನೆ ದುಡ್ಡು ದಂಡ.

ಕಂಪ್ಯೂಟರ್ ಕ್ಯಾಬಿನೆಟ್‌ನ ಮುಂದಿನ ಪೋರ್ಟ್ ನಂಬಬೇಡಿ, ಡ್ರೈವ್‌ಗೆ ಕರೆಂಟ್ ಸಾಲದೆ ಹೋಗಬಹುದು. ನನ್ನದರಲ್ಲಿ ಡ್ರೈವ್ ಕಟಕಟ ಅಂದು ನಿಂತುಬಿಡುತ್ತಿತ್ತು. ಹಿಂದೆ, ಮದರ್‌ಬೋರ್ಡ್‌ಗೇ ಇರುವ ಪೋರ್ಟ್‌ಗೆ ಹಾಕಿದೆ, ಸದ್ದಡಗಿತು. 2.0 ಪೋರ್ಟ್ ಕೊಡಬೇಕಾದ ಕರೆಂಟ್ 500 ಮಿಲಿಆಂಪ್, 3.0ದ್ದು 900. ಡಿಸ್ಕ್ ತಿರುಗಲು ಶುರುವಾಗುವಾಗಲೇ ಜಾಸ್ತಿ ಎಳೆಯುವುದು.

ದೊಡ್ಡ 3.5 ಇಂಚಿನದು ಅಗ್ಗ ಅಂತ ಆಸೆಪಡುವವರಿಗೆ ಒಂದು ಮಾತು. ಅದಕ್ಕೆ 12 ವೋಲ್ಟ್ ಅಡಾಪ್ಟರ್ ಬೇಕು. ಕರೆಂಟ್ ಹೋದರೆ ಲ್ಯಾಪ್‌ಟಾಪ್ ಓಡುತ್ತಿರುತ್ತದೆ, ಡ್ರೈವ್ ಮಾತ್ರ ಮಲಗುತ್ತದೆ. ಯುಪಿಎಸ್ ಇದ್ದರೆ ಮಾತ್ರ ತಗೊಳ್ಳಿ.

ನನ್ನ ಮುಂದಿನದು ಟೈಪ್-ಸಿ ಸಾಕೆಟ್ ಇರುವ ಎಸ್‌ಎಸ್‌ಡಿ, ಅಂದರೆ ತಿರುಗುವ ಡಿಸ್ಕ್ ಇಲ್ಲದ ಡ್ರೈವ್. ಟೈಪ್-ಸಿ ಅನ್ನುವುದು ಬರೀ ಆಕಾರ, ಅದರೊಳಗೆ 2.0 ವೇಗದ ಕೇಬಲ್ಲೂ ಇರುತ್ತದೆ. ಮೊಬೈಲ್ ಚಾರ್ಜರ್ ಜೊತೆ ಬಂದದ್ದನ್ನೇ ಇದಕ್ಕೂ ಚುಚ್ಚಿ "ಸ್ಲೋ ಇದೆ" ಅಂತ ಒಂದು ಸ್ಟಾರ್ ಕೊಡಬೇಡಿ.