ಅಡ್ರೆಸ್ ಗೊತ್ತಿಲ್ಲದ ಹಳೇ ರೌಟರ್: ಮೂರು ಸ್ಟಾರ್, ಅದ್ರಲ್ಲಿ ಒಂದು ಹಿಂದಿರೋ ತೂತಿಗೆ

ಹೊಸ ಐಟಂ ರಿವ್ಯೂ ಎಲ್ರೂ ಬರೀತಾರೆ, ನಂದು ಅಟ್ಟದ ಮೇಲೆ ವರ್ಷಗಟ್ಲೆ ಧೂಳು ತಿಂತಾ ಬಿದ್ದಿದ್ದ ರೌಟರ್ ಬಗ್ಗೆ. ಎರಡು ಆಂಟೆನಾ, 802.11ಎನ್ ಅನ್ನೋ ಹಳೇ ಥರದ ವೈಫೈ, ಬರೀ 2.4 ಗಿಗಾಹರ್ಟ್ಸ್, ಹಿಂದೆ ನಾಲ್ಕು ಲ್ಯಾನ್ ಪೋರ್ಟು (ಮನೆಯೊಳಗಿನ ಕಂಪ್ಯೂಟರ್‌ಗಳಿಗೆ) ಒಂದು ವ್ಯಾನ್ ಪೋರ್ಟು (ಹೊರಗಿಂದ ಬರೋ ಇಂಟರ್ನೆಟ್‌ಗೆ). ಕಂಪನಿ ಹೆಸ್ರು ಬೇಡ, ಆ ಕಾಲದ ರೌಟರ್‌ಗಳೆಲ್ಲ ಹೆಚ್ಚು ಕಮ್ಮಿ ಒಂದೇ ತಾಯಿ ಮಕ್ಕಳ ಥರಾನೇ ಇರ್ತಾವೆ. ಹಿಂದಿನ ರೂಮಲ್ಲಿ ವೈಫೈ ಸಿಗ್ತಿರ್ಲಿಲ್ಲ, ಹೊಸದು ತರೋ ಬದ್ಲು ಇದನ್ನೇ ಆಕ್ಸೆಸ್ ಪಾಯಿಂಟ್, ಅಂದ್ರೆ ಮೇನ್ ರೌಟರ್ ಇಂಟರ್ನೆಟ್ಟನ್ನ ಅಲ್ಲಿ ವೈಫೈಯಾಗಿ ಹಂಚೋ ಪೆಟ್ಟಿಗೆ ಮಾಡೋಣ ಅಂತ ಕೂತೆ, ಒಂದರ್ಧ ಗಂಟೆ ಕೆಲ್ಸ ಅನ್ಕೊಂಡಿದ್ದೆ, ಅಲ್ಲೇ ಎಡವಟ್ಟಾಗಿದ್ದು.

ಮೊದ್ಲು ಅಡಾಪ್ಟರ್ ಹುಡುಕಾಟ. ಪಿನ್ ಕೂತ್ಕೊಳ್ಳುತ್ತೆ ಅಂತ ಸಿಕ್ಕಿದ್ದನ್ನೆಲ್ಲ ಚುಚ್ಬೇಡಿ, 9 ವೋಲ್ಟ್ ರೌಟರ್‌ಗೆ 12 ವೋಲ್ಟ್ ಕೊಟ್ರೆ ಕಥೆ ಅಲ್ಲಿಗೇ ಮುಗೀಬಹುದು. ವೋಲ್ಟ್ ಅದೇ ಇರ್ಬೇಕು, ಆಂಪಿಯರ್ ಅಷ್ಟೇ ಇಲ್ಲಾ ಜಾಸ್ತಿ ಇದ್ರೆ ತೊಂದ್ರೆ ಇಲ್ಲ.

ಲೈಟೆಲ್ಲ ಬಂತು, ಖುಷಿ ಆಯ್ತು, ಈಗ ಸೆಟ್ಟಿಂಗ್ಸ್ ಪೇಜ್ ತೆಗೀಬೇಕಲ್ಲ, ಅಡ್ರೆಸ್ ಏನು? ಸಾಮಾನ್ಯವಾಗಿ ಅಡಿಯಲ್ಲಿ ಒಂದು ಸ್ಟಿಕರ್ ಇರುತ್ತೆ, ಅದ್ರಲ್ಲೇ ಅಡ್ರೆಸ್ಸು ಯೂಸರ್‌ನೇಮು ಪಾಸ್‌ವರ್ಡು ಎಲ್ಲ ಇರುತ್ತೆ. ನಂದ್ರಲ್ಲಿ ಸ್ಟಿಕರ್ ಏನೋ ಇತ್ತು, ಅಕ್ಷರ ಮಾತ್ರ ಇರ್ಲಿಲ್ಲ, ಬಿಸಿಗೆ ಪೂರ್ತಿ ಮಾಸಿ ಬಿಳಿ ಹಾಳೆ ಆಗಿತ್ತು. ಇದಕ್ಕೇ ಒಂದು ಸ್ಟಾರ್ ಕಟ್. ಪೆಟ್ಟಿಗೆ ಇಷ್ಟು ವರ್ಷ ಬಾಳುತ್ತೆ ಅಂತ ಗೊತ್ತಿದ್ಮೇಲೆ ಆ ನಾಲ್ಕು ನಂಬರನ್ನ ಪ್ಲಾಸ್ಟಿಕ್ ಮೇಲೇ ಕೆತ್ತಿದ್ರೆ ಏನಾಗ್ತಿತ್ತು?

ಸರಿ ಅಂತ ಲ್ಯಾಪ್‌ಟಾಪ್‌ಗೆ ಕೇಬಲ್ ಹಾಕಿ ಬ್ರೌಸರಲ್ಲಿ 192.168.1.1 ಹೊಡ್ದೆ, ಲಾಗಿನ್ ಪೇಜ್ ಬಂದೇ ಬಿಡ್ತು, ಮನೇಲಿ ಯಾವಾಗ್ಲೂ ಇಡೋ ಪಾಸ್‌ವರ್ಡ್ ಹಾಕ್ದೆ, ಒಳಗೂ ಬಿಡ್ತು, ಅಬ್ಬಾ ಎಷ್ಟು ಸುಲಭ ಅನ್ಕೊಂಡು ವೈಫೈ ಹೆಸ್ರು ಚೇಂಜ್ ಮಾಡಿ ಸೇವ್ ಒತ್ತಿದೆ. ಎರಡು ನಿಮಿಷಕ್ಕೆ ಒಳಗಿಂದ ಅಣ್ಣ "ಏನೋ ಮಾಡ್ದೆ, ಇಂಟರ್ನೆಟ್ ಹೋಯ್ತು!" ಅಂತ ಕೂಗ್ದ. ಲ್ಯಾಪ್‌ಟಾಪಲ್ಲಿ ವೈಫೈ ಆನ್ ಇತ್ತು ಕಣ್ರಿ, ನಾನು ಹೊಕ್ಕಿದ್ದು ಈ ಹಳೇದಕ್ಕಲ್ಲ, ದಿನಾ ಓಡ್ತಿರೋ ಮೇನ್ ರೌಟರ್‌ಗೆ. ಹಾಗಾಗಿ ಯಾರೇ ಮಾಡೋದಿದ್ರೂ ಮೊದ್ಲು ವೈಫೈ ಆಫ್ ಮಾಡಿ, ಹಳೇ ರೌಟರ್‌ಗೂ ಲ್ಯಾಪ್‌ಟಾಪ್‌ಗೂ ಮಧ್ಯೆ ಒಂದೇ ಒಂದು ಕೇಬಲ್, ಬೇರೆ ಯಾವ ಸಂಬಂಧಾನೂ ಇರ್ಬಾರ್ದು.

ಆಮೇಲೆ ಸರಿಯಾದ ದಾರಿ ಹಿಡಿದೆ. ವಿಂಡೋಸಲ್ಲಿ ಕಮಾಂಡ್ ಪ್ರಾಂಪ್ಟ್ ತೆಗ್ದು ಐಪಿಕಾನ್ಫಿಗ್ (ipconfig) ಅಂತ ಹೊಡೆದ್ರೆ ಡೀಫಾಲ್ಟ್ ಗೇಟ್‌ವೇ ಅಂತ ಒಂದು ಸಾಲು ಬರುತ್ತೆ, ನೂರಕ್ಕೆ ತೊಂಬತ್ತು ಸಲ ಅದೇ ರೌಟರ್ ಅಡ್ರೆಸ್ಸು. ನಂಗೆ ಆ ಸಾಲು ಖಾಲಿ, ಲ್ಯಾಪ್‌ಟಾಪ್‌ಗೆ ಬಂದಿದ್ದ ಐಪಿ, ಅಂದ್ರೆ ನೆಟ್‌ವರ್ಕಲ್ಲಿ ಅದ್ರ ಅಡ್ರೆಸ್ಸು, 169.254ರಿಂದ ಶುರು. ಇದು ಕಂಡ್ರೆ ಅರ್ಥ ಇಷ್ಟೇ, ಐಪಿ ಕೊಡಿ ಅಂತ ಲ್ಯಾಪ್‌ಟಾಪ್ ಕೇಳ್ತು, ಯಾರೂ ಉತ್ತರ ಕೊಡ್ಲಿಲ್ಲ, ಅದು ತಾನೇ ಒಂದು ಐಪಿ ಇಟ್ಕೊಂಡ್ತು. ನೋಡಿದ್ರೆ ಕೇಬಲ್ ವ್ಯಾನ್ ಪೋರ್ಟಲ್ಲಿ ಹಾಕಿದ್ದೆ. ಲ್ಯಾನ್‌ಗೆ ಬದ್ಲಾಯಿಸ್ದೆ, ಆದ್ರೂ ಅದೇ 169.254. ಅಂದ್ರೆ ಹಿಂದೆ ಯಾರೋ ಇದ್ರಲ್ಲಿ ಡಿಎಚ್‌ಸಿಪಿ (ಕೇಳಿದವ್ರಿಗೆ ತಾನಾಗೇ ಐಪಿ ಹಂಚೋ ವ್ಯವಸ್ಥೆ) ಆಫ್ ಮಾಡಿಟ್ಟಿದ್ದಾರೆ. ಅಣ್ಣನ್ನ ಕೇಳ್ದೆ, ನಂಗೊತ್ತಿಲ್ಲಪ್ಪ ಅಂದ, ಮುಖ ನೋಡಿದ್ರೆ ಗೊತ್ತಿದೆ ಅನ್ನೋ ಹಾಗಿತ್ತು.

ಈಗ ಊಹೆ ಮಾಡೋಣ ಅಂದ್ರೆ 192.168 ಅಂತ ಶುರುವಾಗೋವೇ 65,536 ಅಡ್ರೆಸ್ ಇವೆ, 10ರಿಂದ ಶುರುವಾಗೋವು ಬೇರೆ. ಹಾಗಾಗಿ ವೈರ್‌ಶಾರ್ಕ್ ಹಾಕ್ದೆ, ಫ್ರೀ ಸಾಫ್ಟ್‌ವೇರು, ಕೇಬಲಲ್ಲಿ ಏನೇನು ಹರೀತಿದೆ ಅಂತ ತೋರ್ಸುತ್ತೆ. ಅದನ್ನ ಓಡಿಸ್ತಾ ರೌಟರ್ ಆಫ್ ಮಾಡಿ ಆನ್ ಮಾಡ್ದೆ. ಎದ್ದ ಸ್ವಲ್ಪ ಹೊತ್ತಿಗೆ ಒಂದು ಎಆರ್‌ಪಿ ಪ್ಯಾಕೆಟ್ (ಯಾವ ಐಪಿ ಯಾರದ್ದು ಅಂತ ಸಾರೋ ಸಣ್ಣ ಮೆಸೇಜು) ಬಿಡ್ತು, ಅದ್ರೊಳಗೆ 192.168.2.254 ಅಂತ ತನ್ನ ಅಡ್ರೆಸ್ ತಾನೇ ಹೇಳ್ಕೊಂಡಿತ್ತು. ಸತ್ಯವಾಗ್ಲೂ ಕುರ್ಚಿಯಿಂದ ಎದ್ದು ನಿಂತೆ. ಲ್ಯಾಪ್‌ಟಾಪ್‌ಗೆ ಕೈಯಾರೆ 192.168.2.10, ಮಾಸ್ಕ್ 255.255.255.0 ಕೊಟ್ಟೆ, ಪೇಜ್ ಬಂತು. ಪಾಸ್‌ವರ್ಡ್ ಕೇಳ್ತು. ನನ್ನತ್ರ ಇದ್ದಿದ್ದು ಯಾವ್ದೂ ಆಗ್ಲಿಲ್ಲ. ಗುಡ್ಡ ಅಗೆದು ಇಲಿ ಹಿಡಿಯೋದು ಅಂತಾರಲ್ಲ, ಇಲ್ಲಿ ಇಲೀನೂ ಸಿಗ್ಲಿಲ್ಲ.

ಕೊನೆಗೆ ರೀಸೆಟ್ ತೂತು, ಎಲ್ಲ ಅಳಿಸಿ ಫ್ಯಾಕ್ಟರಿಯಿಂದ ಬಂದ ಹಾಗೆ ಮಾಡೋದು. ಶುರುವಲ್ಲೇ ಇದನ್ನ ಮಾಡಿದ್ರೆ ಈ ಪಾಡೆಲ್ಲ ತಪ್ತಿತ್ತು, ಹಳೇ ಸೆಟ್ಟಿಂಗ್ ಉಳಿಸ್ಕೊಳ್ಳೋ ದರ್ದು ನಂಗೇನಿತ್ತು ಅಂತ ಈಗ ನಗು ಬರುತ್ತೆ. ಪವರ್ ಆನ್ ಇರ್ಬೇಕು, ಪಿನ್ ಚುಚ್ಚಿ ಒತ್ಕೊಂಡೇ ಇರ್ಬೇಕು, ನಾನು ಮೊದಲ್ನೇ ಸಲ ಎರಡು ಸೆಕೆಂಡಿಗೇ ಕೈ ಬಿಟ್ಟೆ, ಬರೀ ರೀಸ್ಟಾರ್ಟ್ ಆಯ್ತು. ಎರಡನೇ ಸಲ ಲೈಟೆಲ್ಲ ಒಟ್ಟಿಗೆ ಮಿಣುಕೋ ತನಕ, ಒಂದು ಹತ್ತು ಹದಿನೈದು ಸೆಕೆಂಡು ಹಿಡ್ಕೊಂಡೆ. ಲ್ಯಾಪ್‌ಟಾಪ್ ಐಪಿನ ವಾಪಸ್ ಆಟೋಮ್ಯಾಟಿಕ್‌ಗೆ ಹಾಕಿ ಐಪಿಕಾನ್ಫಿಗ್ ಹೊಡೆದ್ರೆ ಗೇಟ್‌ವೇ 192.168.0.1, ಅಡ್ಮಿನ್ ಅಡ್ಮಿನ್ ಅಂತ ಹಾಕಿದ್ರೆ ಬಾಗಿಲು ತೆಗೀತು. ಬ್ರೌಸರ್ ಮಾತ್ರ ಮೊದ್ಲು ಎಚ್‌ಟಿಟಿಪಿಎಸ್‌ಗೆ (ಸುರಕ್ಷಿತ ಕನೆಕ್ಷನ್‌ಗೆ) ಎಳ್ಕೊಂಡು ಹೋಗಿ ಎರರ್ ತೋರ್ಸ್ತು, ಈ ಮುದುಕನಿಗೆ ಅದೆಲ್ಲ ಬರಲ್ಲ, ಅಡ್ರೆಸ್ ಮುಂದೆ http:// ಅಂತ ನಾವೇ ಟೈಪ್ ಮಾಡ್ಬೇಕು.

ಸೆಟ್ಟಿಂಗಲ್ಲಿ ಆರ್ಡರ್ ಮುಖ್ಯ. ಮೊದ್ಲು ವೈಫೈ ಹೆಸ್ರು ಪಾಸ್‌ವರ್ಡ್, ಮೇನ್ ರೌಟರಲ್ಲಿರೋದನ್ನೇ ಇಟ್ಟೆ, ಚಾನಲ್ ಮಾತ್ರ ಅಲ್ಲಿ 1 ಇಲ್ಲಿ 11, ಒಂದಕ್ಕೊಂದು ಅಡ್ಡ ಬರ್ಬಾರ್ದು ಅಂತ. ಸೆಕ್ಯುರಿಟೀಲಿ ಡಬ್ಲ್ಯುಪಿಎ2 ಜೊತೆ ಎಇಎಸ್ ಆರಿಸಿ, ಟಿಕೆಐಪಿ ಅನ್ನೋ ಹಳೇ ಆಯ್ಕೆ ಇಟ್ರೆ ಸ್ಪೀಡು 54 ಎಂಬಿಪಿಎಸ್‌ಗೆ ಕೂತ್ಬಿಡುತ್ತೆ, ರೌಟರ್ ಸರಿ ಇಲ್ಲ ಅಂತ ಬೈಕೊಂಡು ಓಡಾಡ್ತೀರ. ಡಬ್ಲ್ಯುಪಿಎಸ್ (ಪಾಸ್‌ವರ್ಡ್ ಬದ್ಲು ಬಟನ್ ಒತ್ತಿ ಇಲ್ಲಾ ಪಿನ್ ನಂಬರ್ ಹಾಕಿ ಕನೆಕ್ಟ್ ಆಗೋದು) ಆಫ್, ಅದ್ರ ಪಿನ್ ಲೋಪ 2011ರಲ್ಲೇ ಬಯಲಾಗಿದೆ. ಅಡ್ಮಿನ್ ಪಾಸ್‌ವರ್ಡೂ ಬದ್ಲಾಯಿಸಿ. ಆಮೇಲೆ ಡಿಎಚ್‌ಸಿಪಿ ಆಫ್ ಮಾಡಿ ಅಡ್ರೆಸ್ 192.168.1.2 ಮಾಡ್ದೆ, ಮೇನ್ ರೌಟರ್ ಹಂಚೋ ಐಪಿ ಪಟ್ಟಿ 192.168.1.100ರಿಂದ ಶುರು ಆಗೋದ್ರಿಂದ ಜಗಳ ಇಲ್ಲ. ಅಡ್ರೆಸ್ ಬದ್ಲಾದ ತಕ್ಷಣ ಪೇಜ್ ಸತ್ತು ಹೋಗುತ್ತೆ, ಗಾಬರಿ ಬೇಡ, ಅದು ಆಗ್ಲೇ ಹೊಸ ಮನೆಗೆ ಹೋಗಿರುತ್ತೆ. ಕೇಬಲ್ ಮೇನ್ ರೌಟರ್ ಲ್ಯಾನಿಂದ ಇದ್ರ ಲ್ಯಾನ್‌ಗೆ, ವ್ಯಾನ್ ಪೋರ್ಟ್ ಮುಟ್ಟೋದೇ ಬೇಡ.

ಇನ್ನು ಕೆಲ್ಸ ಹೇಗೆ ಮಾಡುತ್ತೆ ಅಂದ್ರೆ, ಮೇಲೆ ದೊಡ್ಡದಾಗಿ 300 ಎಂಬಿಪಿಎಸ್ ಅಂತ ಬರ್ಕೊಂಡಿದೆ, ಹಿಂದಿನ ಪೋರ್ಟೆಲ್ಲ 100ರವು, ಬಾಯಿ ದೊಡ್ಡದು ಗಂಟಲು ಸಣ್ಣದು. ಹಿಂದಿನ ರೂಮಲ್ಲಿ ಫೋನಿಗೆ 40-45 ಬರ್ತಿದೆ, ಮೊದ್ಲು ಒಂದು ಕಡ್ಡೀನೂ ಇರ್ಲಿಲ್ಲ, ವಿಡಿಯೋ ನಿಲ್ಲಲ್ಲ, ಕಾಲ್ ಕಟ್ ಆಗಲ್ಲ. ಮೂರು ವಾರದಿಂದ ಒಂದ್ಸಲಾನೂ ರೀಸ್ಟಾರ್ಟ್ ಮಾಡಿಲ್ಲ. ಫರ್ಮ್‌ವೇರ್ (ರೌಟರ್ ಒಳಗಿನ ಸಾಫ್ಟ್‌ವೇರು) ಅಪ್‌ಡೇಟ್ ನಿಂತು ಎಷ್ಟೋ ಕಾಲ ಆಗಿದೆ, ಅದಕ್ಕೇ ಇದನ್ನ ನೇರ ಇಂಟರ್ನೆಟ್‌ಗೆ ಒಡ್ಡೋ ಧೈರ್ಯ ನಂಗಿಲ್ಲ, ಮೇನ್ ರೌಟರ್ ಬೆನ್ನ ಹಿಂದೆ ಇರ್ಲಿ.

ಮಾಸಿದ ಸ್ಟಿಕರ್ ಮೇಲೆ ಮಾರ್ಕರಲ್ಲಿ 192.168.1.2 ಅಂತ ದಪ್ಪಗೆ ಬರ್ದು ಮೇಲೊಂದು ಟೇಪ್ ಅಂಟ್ಸಿದೀನಿ. ಅಣ್ಣ ನೋಡಿ, "ಓ, ನಾನು 2.254 ಇಟ್ಟಿದ್ನಲ್ಲ" ಅಂದ.